ಅಂಗೈಗೆ ಅಂಟಿದ ಹಳದಿ

ಬಿಳಿ ಅರಿವೆಯ ಮೇಲೆ ನೆರಳೊಂದು ಓಡಿಹೋಯಿತು, ಮೀಟರ್ ಪಟ್ಟಿ ಹಿಡಿದ ದಾನಪ್ಪನ ಕೈ ಅಲ್ಲೇ ನಿಂತಿತು — ವಿಮಾನ, ದಾಬೋಳಿಗೆ ಇಳಿಯುವ ವಿಮಾನ, ವಾಸ್ಕೋದ ಈ ಅಂಗಡಿಸಾಲಿನ ತಲೆಯ ಮೇಲೆ ದಿನಕ್ಕೆ ಎಷ್ಟೋ ಸಲ ಹಾದುಹೋಗುವುದೇ, ಆದರೂ ಮೂರು ವರ್ಷದಿಂದ ನೆರಳು ಬಂದಾಗೆಲ್ಲ ಅವನ ಕೈ ನಿಲ್ಲುತ್ತದೆ, ಎಷ್ಟು ಅಳೆದೆನೆಂಬುದು ಮರೆತುಹೋಗುತ್ತದೆ, ಮತ್ತೆ ಮೊದಲಿನಿಂದ, ಒಂದು, ಎರಡು, ಸಾಲೆಯ ಮಕ್ಕಳಿಗೆ ಇಪ್ಪತ್ತಾರನೇ ತಾರೀಖಿನ ಕವಾಯತಿಗೆ ಬಿಳಿ ಅಂಗಿ ಬೇಕಂತೆ, ಜಮುನಾಬಾಯಿ ಟೀಚರು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಾರೆ, ಪಕ್ಕದ ಗಡಿಯಾರದಂಗಡಿಯ ಶಹಾಬುದ್ದೀನ ಕಣ್ಣಿಗೆ ಸಿಕ್ಕಿಸಿದ ಗಾಜನ್ನು ಹಣೆಗೇರಿಸಿಕೊಂಡು ಇಲ್ಲೇ ಬಂದು ನಿಂತಿದ್ದಾನೆ, ರೇಡಿಯೋದಲ್ಲಿ ಬೆಳಗಿನಿಂದ ಅದೊಂದೇ ಸುದ್ದಿ, ಕುವೈತಿನ ಸಲುವಾಗಿ ಅಮೆರಿಕ ಬಾಂಬು ಹಾಕತೊಡಗಿ ಎರಡನೇ ದಿನ, ಸಂಕ್ರಾಂತಿಯ ಕುಸುರೆಳ್ಳು ಇನ್ನೂ ಡಬ್ಬಿಯಲ್ಲಿದೆ. ಹಾಕಲಿ ಬಿಡ್ರಿ, ಶಹಾಬುದ್ದೀನನ ದನಿ, ನಮ್ಮ ಭಾವ ಹನ್ನೆರಡು ವರ್ಷ ಅಲ್ಲಿ ಟೇಲರಿಂಗ್ ಮಾಡಿದಾಂವ, ಮೈಮ್ಯಾಲಿನ ಅಂಗಿ ಮ್ಯಾಲೆ ಬಂದ, ಮರಳಿನಾಗ ಇಪ್ಪತ್ತು ದಿನ ಡೇರೆದಾಗ ಬಿದ್ದಿದ್ದ, ಯಾರರೆ ದೊಡ್ಡಾಂವ ಹೋಗಿ ಆ ಇರಾಕಿನವರನ್ನ ಕುತ್ತಿಗಿ ಹಿಡದು ಹೊರಗ ಹಾಕಬೇಕೋ ಬ್ಯಾಡೋ? ಹಾಕಿದ ಮ್ಯಾಲೆ ಆ ದೊಡ್ಡಾಂವ ತಾ ಹೊರಗ ಹೋಗ್ತಾನೇನು, ಟೀಚರ ಮಾತು, ಈ ಅಂಗಡಿಯಲ್ಲೇ ಕಲಿತ ಕನ್ನಡ, ಕೊಂಕಣಿಯ ರಾಗದಲ್ಲಿ ತೇಲಿಬರುತ್ತದೆ, ಎಣ್ಣಿ ಬಾವಿ ಬಿಟ್ಟು ಹೋಗ್ತಾನಾ? ಆಹಾ ಟೀಚರ್, ನಮ್ಮ ಲಷ್ಕರದವರು ಗೋವಾಕ್ಕ ಬಂದಾಗ ನೀವ ಆರತಿ ಬೆಳಗಿದ್ರಂತಲ್ಲ, ಅವರೇನು ಹೊರಗ ಹೋದ್ರ? ಅದು ಬ್ಯಾರೆ, ಟೀಚರ ಮುಖ ಕೆಂಪಾಯಿತು, ಅದು ನಮ್ಮ ಮನಿ ಶಹಾಬುದ್ದೀನ್, ನಮ್ಮವರು ನಮ್ಮ ಮನಿಗೆ ಬಂದ್ರು, ನನ್ನ ಅಪ್ಪ ಪೋರ್ತುಗೀಜರ ಜೈಲಿನಾಗ ಇದ್ದ, ಇನ್ನಾರು ತಿಂಗಳು ತಡಾ ಆಗಿದ್ರ ಹೆಣಾನ ಬರ್ತಿತ್ತು, ನೀವು ಹೇಳ್ರಿ ದಾನಪ್ಪ ಶೇಟ್, ನೀವು ಹಿರೇರು, ಇನ್ನೊಬ್ಬರ ದೇಶಕ್ಕ ಲಷ್ಕರ ಹೋಗಬೇಕೋ ಬ್ಯಾಡೋ — ಎಂದವರು ಅಲ್ಲಿಗೇ ತಡೆದರು, ದಾನಪ್ಪನ ಮಗನ ನೆನಪಾಗಿರಬೇಕು, ಕಣ್ಣು ಕೆಳಗಿಳಿಯಿತು, ಶಹಾಬುದ್ದೀನನೇ ಮಾತು ತಿರುಗಿಸಿದ, ನನ್ನ ಅಂಗಡ್ಯಾಗ ಹದಿನೆಂಟು ಗಡಿಯಾರ ಅದಾವ್ರಿ ಕಾಕಾ, ಒಂದಕ್ಕೊಂದು ಕೂಡೂದಿಲ್ಲ, ನಮಗ ಮೂರು ಮಂದಿಗೆ ಹ್ಯಾಂಗ ಕೂಡತೈತಿ, ನಗಿಸಬೇಕೆಂದು ಅಂದದ್ದು, ಒಳ್ಳೆಯ ಹುಡುಗ, ದಾನಪ್ಪ ನಕ್ಕಂತೆ ಮಾಡಿದ, ಅರಿವೆ ಹರಿದು ಮಡಚಿ ಕೊಟ್ಟ, ಟೀಚರು ಬಗಲಲ್ಲಿಟ್ಟುಕೊಂಡು ಬರ್ತೀನಿ ಶೇಟ್ ಎಂದು ಬಿಸಿಲಿಗಿಳಿದರು.

ಹೋಗಬೇಕೋ ಬ್ಯಾಡೋ. ಮೂರು ವರ್ಷದಿಂದ ಪೂಜೆಗೆ ಕೂತಾಗ ಅವನು ದೇವರನ್ನು ಕೇಳುತ್ತಿರುವುದೂ ಅದನ್ನೇ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಅದರ ಮೇಲೆ ನೆಟ್ಟು, ಶಿವನೇ ಸೈನ್ಯದವರು ಹೋದದ್ದು ಸರಿಯೋ, ನಾನು ಮಗನನ್ನು ಕಳಿಸಿದ್ದು ಸರಿಯೋ, ಲಿಂಗ ಕರ್ರಗೆ ಹೊಳೆಯುತ್ತದೆ. ಸರಿ ಅಂದಿದ್ದವನು ತಾನೇ ಅಲ್ಲವೇ, ಒಂದು ಕಾಲಕ್ಕೆ ಕೂಗಿ ಕೂಗಿ ಅಂದಿದ್ದ, ಅರವತ್ತೊಂದನೇ ಇಸವಿಯ ಡಿಸೆಂಬರದಲ್ಲಿ, ಬೆಳಗಾವಿಯ ರಸ್ತೆಯ ಬದಿಗೆ, ಲಾರಿಯ ಹಿಂದೆ ಲಾರಿ, ತೋಪು ಎಳೆಯುವ ಗಾಡಿಗಳು, ಗೋವಾಕ್ಕೆ ಹೊರಟ ಸೈನ್ಯ, ಊರಿಗೆ ಊರೇ ನಿಂತಿತ್ತು, ಹೆಂಡತಿ ಮುರುಗೆವ್ವ ಬುಟ್ಟಿಯಲ್ಲಿ ಚೆಂಡುಹೂ ತಂದಿದ್ದಳು, ನಾಲ್ಕು ವರ್ಷದ ಮಗ ಬಸವಂತ ತನ್ನ ಹೆಗಲ ಮೇಲೆ, ಎರಡೂ ಕಾಲು ಎದೆಯ ಮೇಲೆ ಇಳಿಬಿಟ್ಟು, ಅವನ ಎಡಗೈಯಲ್ಲೂ ಒಂದು ಹೂ, ಒಗಿಯೋ ಬಸವಂತಾ, ಒಗಿ, ಎಲ್ಲಾರೂ ಒಗ್ಯಾಕತ್ತಾರ ನೋಡು, ಅವನು ಒಗೆಯಲೊಲ್ಲ, ಮುಷ್ಟಿ ಬಿಗಿಮಾಡಿ ಹಿಡಿದಿದ್ದಾನೆ, ಹೂವು ಅದರೊಳಗೆ ಹಿಂಡಿಹೋಗಿದೆ, ಲಾರಿಯೊಂದು ಗದ್ದಲದಲ್ಲಿ ನಿಂತಾಗ ಮೀಸೆಯ ಜವಾನನೊಬ್ಬ ಮೇಲಿನಿಂದ ಬಾಗಿದ, ಕೊಡು ಮಗಾ ಅಂದನೋ, ಅವನ ಭಾಷೆಯಲ್ಲಿ ಏನೋ ಅಂದ, ಆಗ ಆ ಪುಟ್ಟ ಮುಷ್ಟಿ ತಾನಾಗಿ ಬಿಚ್ಚಿತು, ಹೂವನ್ನು ಜವಾನ ಎತ್ತಿಕೊಂಡ, ಲಾರಿ ಹೋಯಿತು, ಬಿಚ್ಚಿದ ಅಂಗೈ ಹಾಗೇ ಬಿಚ್ಚಿಕೊಂಡಿತ್ತು, ನಡುವೆ ಹಳದಿ ಬಣ್ಣ, ಒಂದು ಎಸಳು ಅಂಟಿಕೊಂಡಿತ್ತು. ಆಮೇಲೆ ತಾನೂ ಆ ಲಾರಿಗಳ ದಾರಿಯನ್ನೇ ಹಿಡಿದು ಗೋವಾಕ್ಕೆ ಬಂದ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಹೊತ್ತುಕೊಂಡು, ಬಂದರಿನಲ್ಲಿ ದುಡಿಯುವ ನಮ್ಮ ಕಡೆಯ ಜನ ತನ್ನನ್ನು ಹುಡುಕಿಕೊಂಡು ಬಂದರು, ಝುವಾರಿನಗರದ ಹೆಣ್ಣುಮಕ್ಕಳು ಇಂದಿಗೂ ಬರುತ್ತಾರೆ, ಈ ಅಂಗಡಿ, ಹಿಂದಿನ ಎರಡು ಕೋಣೆ, ಎಲ್ಲವೂ ಆ ಲಾರಿಗಳು ಹಾದುಹೋದ ಮೇಲೆ ಬಂದದ್ದು, ಹಾಗಾದರೆ ಅದು ತಪ್ಪೆಂದು ತಾನು ಯಾವ ಬಾಯಿಂದ ಹೇಳಬೇಕು, ಟೀಚರ ಅಪ್ಪ ಜೈಲಿನಿಂದ ಮನೆಗೆ ಬಂದರಲ್ಲ, ಅದು ಸುಳ್ಳಲ್ಲ.

ಬಸವಂತ ದೊಡ್ಡವನಾಗಿ ಬೇರೇನೂ ಬೇಡ, ಸೈನ್ಯವೇ ಬೇಕೆಂದ, ಅಪ್ಪನಾದ ತಾನೇ ಕರಕೊಂಡು ಹೋದ, ಬೆಳಗಾವಿಗೆ, ಭರತಿಯ ದಿನ, ಮೇಜಿನ ಹಿಂದಿನ ಗುಮಾಸ್ತ ಕಾಗದದಿಂದ ತಲೆ ಎತ್ತದೆ ಕೇಳಿದ, ಧರಮ್? ಮಗ ತಿರುಗಿ ಅಪ್ಪನ ಮುಖ ನೋಡಿದ, ಲಿಂಗಾಯತ ಅಂತ ಬರೆಸಿದರೆ ಅದೇನೆಂದು ಆ ಉತ್ತರದ ಕಡೆಯ ಗುಮಾಸ್ತನಿಗೆ ತಿಳಿಸುವವರು ಯಾರು, ಹಿಂದೆ ನೂರು ಹುಡುಗರ ಸಾಲು, ಹಿಂದೂ ಅಂತ ಬರೀರಿ ಸಾಹೇಬರ ಎಂದು ತಾನೇ ಅಂದುಬಿಟ್ಟ, ಒಂದೇ ಶಬ್ದ, ಗುಮಾಸ್ತ ಬರಕೊಂಡ, ಮುಂದಿನವನನ್ನು ಕರೆದ. ಎಂಬತ್ತೇಳರಲ್ಲಿ ಶ್ರೀಲಂಕಾ, ಶಾಂತಿ ಕಾಯಲಿಕ್ಕೆ ಎಂದರು, ಮೊದಲ ಕಾಗದ ಆಗಸ್ಟಿನಲ್ಲಿ ಬಂತು, ಅಪ್ಪಾ, ಇಲ್ಲಿ ಜನ ನಮಗ ಹೂಮಾಲಿ ಹಾಕಿದ್ರು, ಓಣಿ ಓಣಿಯೊಳಗ ನಿಂತು ಹೂ ಒಗದ್ರು, ಒಬ್ಬಾಕಿ ಮುದುಕಿ ನನ್ನ ಕೈಯಾಗ ಬಾಳೆಹಣ್ಣು ಇಟ್ಟು ಗಲ್ಲಾ ಸವರಿದಳು, ನಮ್ಮ ಆಯಿ ಇದ್ದಂಗ ಅದಾಳ, ನೀವು ಬೆಳಗಾವ್ಯಾಗ ನನ್ನನ್ನ ಹೆಗಲಮ್ಯಾಲೆ ಹೊತ್ತಿದ್ದು ನೆನಪಾತು, ಓದಿ ಓದಿ ಕಾಗದದ ಮಡಿಕೆ ಹರಿದಿತ್ತು, ಶಹಾಬುದ್ದೀನನಿಗೂ ಓದಿ ತೋರಿಸಿದ್ದ. ಕಡೆಯ ಕಾಗದ ಅಕ್ಟೋಬರದ್ದು, ನಾಲ್ಕೇ ಸಾಲು, ಅಪ್ಪಾ, ಅದೇ ಓಣಿಯೊಳಗ ಈಗ ಬಾಗಿಲಾ ಎಲ್ಲಾ ಹಾಕ್ಯಾವು, ಆ ಮುದುಕಿ ಮನಿ ಮ್ಯಾಲೆ ಗುಂಡು ಬಿತ್ತು, ನಮ್ಮದೋ ಅವರದೋ ಗೊತ್ತಿಲ್ಲ, ಮನ್ಯಾಗ ಆಕಿ ಇದ್ಲು, ಯಾರನ್ನ ಕಾಯಾಕ ಬಂದೇವಿ ಅನ್ನೂದು ಯಾರೂ ಹೇಳವಲ್ರು, ನಿಮಗ ಗೊತ್ತಿದ್ರ ಬರೀರಿ. ನಿಮಗ ಗೊತ್ತಿದ್ರ ಬರೀರಿ — ತಾನು ಬರೆಯಲು ಕೂತಿದ್ದ, ಮೂರು ದಿನ ಕೂತಿದ್ದ, ನಾಲ್ಕನೇ ದಿನ ತಂತಿ ಬಂತು, ಮಗ ಇನ್ನಿಲ್ಲವೆಂದು, ತನ್ನ ಕಾಗದದ ಮೇಲೆ ಚಿರಂಜೀವಿ ಬಸವಂತನಿಗೆ ಎಂಬಷ್ಟೇ ಇತ್ತು. ಅದೂ ನಮ್ಮವರ ಮನೆಯೇ ಎಂದಿದ್ದರು ಟೀಚರು ಆಗ, ತಮಿಳರು ನಮ್ಮವರೇ ಅಲ್ಲವೇ ಎಂದಿದ್ದರು, ಹೋಗುವವರು ಪ್ರತಿ ಸಲವೂ ನಮ್ಮವರ ಮನೆಗೇ ಹೋಗುತ್ತಾರೆ, ಒಳಗಿನ ಮುದುಕಿಯನ್ನು ಯಾರೂ ಕೇಳುವುದಿಲ್ಲ, ಆದರೆ ಶಹಾಬುದ್ದೀನನ ಭಾವ ಮರಳಿನಲ್ಲಿ ಬಿದ್ದಿದ್ದನಲ್ಲ, ಯಾರೂ ಹೋಗದಿದ್ದರೆ ಅದೂ — ಒಂದು ಕಡೆ ಹೊರಳಿದರೆ ಟೀಚರ ಅಪ್ಪ, ಇನ್ನೊಂದು ಕಡೆ ಆ ಮುದುಕಿ, ಯಾವ ಮಗ್ಗುಲಿಗೆ ಮಲಗಿದರೂ ಚುಚ್ಚುತ್ತದೆ. ಮಗನ ಬೂದಿ ತುಂಬಿ ಕೆಂಪು ಅರಿವೆ ಕಟ್ಟಿದ ಹಿತ್ತಾಳೆಯ ಕಲಶ ಈ ದಾಬೋಳಿಗೇ ವಿಮಾನದಲ್ಲಿ ಬಂತು, ಕಾಗದದಲ್ಲಿ ಹಿಂದೂ ಎಂದಿತ್ತು, ಜೊತೆಯವರು ಪಾಪ ಮರ ಕಡಿದು, ಮಂತ್ರ ಬಂದವನೊಬ್ಬನನ್ನು ಹುಡುಕಿ, ಮರ್ಯಾದೆಯಿಂದ ಸುಟ್ಟರು, ಸುಡುವ ಮೊದಲು ಕೊರಳಿನ ಕರಡಿಗೆಯನ್ನು ಬಿಚ್ಚಿ, ಒಳಗಿನ ಲಿಂಗದ ಸಮೇತ, ಹತ್ತಿಯಲ್ಲಿ ಸುತ್ತಿ ತಂದೆತಾಯಿಗೆ ಮುಟ್ಟಲಿ ಎಂದು ಬೂದಿಯ ಜೊತೆ ಕಳಿಸಿದರು, ಎಷ್ಟು ಜೋಪಾನ, ಅದರ ಮೇಲೆ ಒಂದು ಗೀರೂ ಇಲ್ಲ, ಮಣ್ಣಿನಲ್ಲಿ ಕೂಡಬೇಕಾದವನನ್ನು ಬೆಂಕಿಗೆ ಕೊಟ್ಟು, ಅವನ ಅಂಗೈಯಲ್ಲಿ ಹೋಗಬೇಕಾದ ಲಿಂಗವನ್ನು ಮನೆಗೆ ಕಳಿಸಿದರು, ಅವರ ತಪ್ಪಲ್ಲ, ಒಂದು ಶಬ್ದದ ತಪ್ಪು, ತನ್ನ ಬಾಯಿಂದ ಬಿದ್ದ ಶಬ್ದ.

ಏನ್ರಿ, ಕೇಳಾಕತ್ತೇರೇನು, ಹಿಂದಿನ ಬಾಗಿಲಲ್ಲಿ ಮುರುಗೆವ್ವ, ಸೆರಗಿಗೆ ಕೈ ಒರೆಸುತ್ತ, ಒಂದೂವರಿಗೆ ಬೆಳಗಾವಿ ಬಸ್ ಹೊಂಡತೈತಿ, ಲಕ್ಷ್ಮಪ್ಪ ಕಂಡಕ್ಟರ ಆಗಳೆ ಒಂದು ಸಲ ಬಂದು ಕೇಳಿಹೋದ, ಐನಾರಿಗೆ ಏನಂತ ಹೇಳ್ಲಿ ಅಂತ. ಊರಿನ ಮಠದ ಐನಾರು, ಬೂದಿಯಾದರೇನು, ಲಿಂಗದ ಸಮೇತ ಮಣ್ಣಿಗಿಡೋಣ, ಪೂರ್ತಿ ಕ್ರಿಯೆ ನಾನೇ ಮಾಡುತ್ತೇನೆ ಎಂದು ಒಪ್ಪಿ ಎರಡು ವರ್ಷವಾಯಿತು, ಮೂರು ಸಲ ಬರುತ್ತೇನೆಂದರು, ಮೂರು ಸಲವೂ ತಾನೇ ಮುಂದಕ್ಕೆ ಹಾಕಿಸಿದ, ಕಲಶ ಗೋಡೆಯೊಳಗಿನ ದೇವರ ಮಾಡದಲ್ಲೇ ಉಳಿಯಿತು, ಮಗ ಒಂದು ಮಾತು ಕೇಳಿದ್ದಾನೆ, ಉತ್ತರ ಬರೆಯದೆ ಹೇಗೆ ಮಣ್ಣು ಮುಚ್ಚುವುದು. ಇನ್ನೊಂದು ಸ್ವಲ್ಪ ದಿನ ತಡೀ, ಬಾಯಿಗೆ ಬಂತು, ಮುರುಗೆವ್ವ ಮೊದಲೇ ಅಂದಳು, ದನಿ ಏರಿಸದೆ, ಮೂರು ವರ್ಷ ಆತು, ನಿಮಗ ಉತ್ತರ ಸಿಗೂತನಾ ನನ್ನ ಮಗ ಮಾಡದಾಗ ಕೂತಿರಬೇಕೇನ್ರಿ? ದಿಲ್ಲ್ಯಾಗ ಇದ್ದವರಿಗೆ ಸಿಕ್ಕಿಲ್ಲ, ಅಮೆರಿಕಾದವರಿಗೆ ಸಿಕ್ಕಿಲ್ಲ, ನಿಮಗ ಸಿಗತೈತೇನು ಈ ಅಂಗಡ್ಯಾಗ? ಹೊರಗೆ ಮಧ್ಯಾಹ್ನದ ಬಾಗಿಲು ಎಳೆಯುವ ಸದ್ದು, ಒಂದೊಂದೇ ಅಂಗಡಿ ಮುಚ್ಚುತ್ತಿದೆ, ಶಹಾಬುದ್ದೀನನ ಗಡಿಯಾರವೊಂದು ಒಂದು ಹೊಡೆಯಿತು, ಸ್ವಲ್ಪ ತಡೆದು ಇನ್ನೊಂದು. ಗೊತ್ತಿಲ್ಲ ಬಸವಂತಾ, ಅಷ್ಟು ಬರೆದಿದ್ದರೂ ಆಗುತ್ತಿತ್ತಲ್ಲ, ನನಗೂ ಗೊತ್ತಿಲ್ಲ ಮಗನೇ, ಸುಮ್ಮನೆ ಹೂ ಒಗೆದೆ, ಒಗಿ ಎಂದು ನಿನಗೂ ಹೇಳಿದೆ. ಬರ್ರಿ ಅಂತ ಹೇಳು ಐನಾರಿಗೆ, ಅಂದ, ನಾಳಿನ ಬಸ್ಸಿಗೆ ಬರಲಿ. ಮುರುಗೆವ್ವ ಲಕ್ಷ್ಮಪ್ಪಾ ಎಂದು ಕೂಗುತ್ತ ಬೀದಿಗೆ ನಡೆದಳು, ದಾನಪ್ಪ ಅದೇ ಬಿಳಿ ಅರಿವೆಯನ್ನು ಮತ್ತೆ ಬಿಚ್ಚಿದ, ಕಲಶಕ್ಕೆ ಸುತ್ತಲು ಎರಡು ಮೀಟರ್, ಈ ಸಲ ನೆರಳು ಬಂದರೂ ಕೈ ನಿಲ್ಲಲಿಲ್ಲ, ಹರಿದ, ಮಡಚಿದ, ಗಲ್ಲಾಪೆಟ್ಟಿಗೆಯಿಂದ ಬಸವಂತನ ಕರಡಿಗೆ ತೆಗೆದು ಅದರ ಮೇಲಿಟ್ಟ, ನಾಳೆ ವಿಭೂತಿ, ಬಿಲ್ವಪತ್ರಿ, ಐನಾರು ಕುಣಿಯ ಅಂಚಿನಲ್ಲಿ ನಿಂತು ಹೇಳುತ್ತಾರೆ, ಲಿಂಗವನ್ನು ಎಡ ಅಂಗೈಯಲ್ಲಿ ಇಡಪ್ಪಾ, ತಂದೆ ನೀನು, ನೀನೇ ಇಡು, ತಾನು ಬಾಗುತ್ತಾನೆ, ಕಲಶದೊಳಗೆ ಬೂದಿ, ಬೂದಿಯಲ್ಲಿ ಎಲ್ಲಿ, ಎಲ್ಲಿ ಇಡುವುದು, ಎಡ ಅಂಗೈ ಎಲ್ಲಿದೆ — ಲಾರಿ ಹೋಯಿತು, ಅದು ಹಾಗೇ ಬಿಚ್ಚಿಕೊಂಡಿದೆ, ತನ್ನ ತಲೆಯ ಪಕ್ಕದಲ್ಲೇ, ಪುಟ್ಟದು, ಬೆವೆತದ್ದು, ನಡುವೆ ಹಳದಿ, ಅಂಟಿಕೊಂಡ ಒಂದು ಎಸಳು.