ಎರಡು ಇಂಚು ಖಾಲಿ

ಕೆಲಸದ ಜಾಗದಲ್ಲಿ ಯಾರಾದರೂ ‘ಯಾಕೆ’ ಎಂದರೆ ನನಗಾಗ ಮೂಗಿನ ತುದಿಯಲ್ಲೇ ಸಿಟ್ಟು. ಇಪ್ಪತ್ತಾರು ವರ್ಷ, ಕೈಯಲ್ಲೊಂದು ಡಿಪ್ಲೊಮಾ, ಯಲ್ಲಾಪುರದಲ್ಲಿ ಕಟ್ಟಡ ಕಟ್ಟಿಸುವ ಒಬ್ಬಳೇ ಹೆಂಗಸು. ಗಂಡಸು ಎಂಜಿನಿಯರ್ ಹೇಳಿದ್ದಕ್ಕೆ ತಲೆಯಾಡಿಸುವ ಮೇಸ್ತ್ರಿಗಳು ನಮಿತಾ ಎಂಬ ನಾನು ಹೇಳಿದರೆ ಮಾತ್ರ ಯಾಕೆ ಅನ್ನುತ್ತಾರೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

೧೯೯೮ರ ಫೆಬ್ರವರಿಯಲ್ಲಿ ಲಾರಿ ಓಡಿಸುವ ಸುಭಾನ್ ನನ್ನನ್ನು ಹುಡುಕಿಕೊಂಡು ಬಂದ. ಅವನ ಮಗಳು ಐಮನ್‌ಗೆ ನಾಲ್ಕು ವರ್ಷ. ಹುಟ್ಟಿದಾಗಿನಿಂದ ಅವಳ ಮೈ ಬೆವರುವುದಿಲ್ಲ. ಬೆವರಿನ ಗ್ರಂಥಿಗಳೇ ಇಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ಸೆಕೆ ಏರಿದರೆ ಒಳಗಿನ ಕಾವು ಹೊರಗೆ ಹೋಗಲು ದಾರಿಯಿಲ್ಲ, ಜೀವಕ್ಕೇ ಕುತ್ತು. ಅಜ್ಜಿ ರಹಿಮತ್ಬಿ ಗಳಿಗೆಗೊಮ್ಮೆ ಒದ್ದೆ ಬಟ್ಟೆ ಸುತ್ತಿ ಸುತ್ತಿಯೇ ಮೊಮ್ಮಗಳನ್ನು ಇಷ್ಟು ಬೇಸಿಗೆ ದಾಟಿಸಿದ್ದಳು. ಮನೆಯ ಪಡುಗೋಡೆಯೋ, ಮಧ್ಯಾಹ್ನ ಕಳೆದರೆ ಕಾದ ಕಾವಲಿ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು.

“ಒಂದು ತಂಪು ಖೋಲಿ ಮಾಡಿಕೊಡ್ರಿ ಮೇಡಂ” ಎಂದ.

ನನಗೆ ಹುರುಪು ಬಂತು. ಚಹಾಪುಡಿ ಬರುವ ಮರದ ಪೆಟ್ಟಿಗೆಗಳ ಒಳಗೆ ಬೆಳ್ಳಿಯಂತೆ ಹೊಳೆಯುವ ಹಾಳೆ ಇರುತ್ತದಲ್ಲ, ಅದನ್ನು ಸುಭಾನ್ ಶಿರಸಿಯ ಅಂಗಡಿಗಳಿಂದ ಕಟ್ಟುಗಟ್ಟಲೆ ತಂದ. ಪಡುಗೋಡೆಯ ಒಳಮೈಗೆ ಆ ಹಾಳೆ ಅಂಟಿಸುವುದು, ಎರಡು ಇಂಚು ಖಾಲಿ ಬಿಡುವುದು, ಅದರ ಈಚೆ ತೆಳ್ಳನೆಯ ಇಟ್ಟಿಗೆ ಗೋಡೆ ಏರಿಸುವುದು. ಗೋಡೆ ಎಷ್ಟೇ ಕಾದರೂ ಹೊಳೆಯುವ ಮೈ ಕಾವನ್ನು ಈಚೆ ಖೋಲಿಗೆ ಬಿಟ್ಟುಕೊಡುವುದಿಲ್ಲ. ಆದರೆ ಅದರ ಮುಂದೆ ಬರೀ ಗಾಳಿ ಇರಬೇಕು, ಅಲುಗಾಡದ ಗಾಳಿ. ಏನಾದರೂ ತಾಗಿತೋ, ಹಾಳೆ ಇದ್ದೂ ಇಲ್ಲದಂತೆ.

ಕೆಲಸಕ್ಕೆ ಹಿಡಿದದ್ದು ಹಾವೇರಿ ಕಡೆಯ ದ್ಯಾಮಪ್ಪನನ್ನು. ಅವನಂಥ ಪ್ರಾಮಾಣಿಕ ಮೇಸ್ತ್ರಿ ಸುತ್ತಮುತ್ತ ಇರಲಿಲ್ಲ. ಕಟ್ಟಿದ ಮೇಲೆ ಕರಣೆಯ ಹಿಡಿಯಿಂದ ಗೋಡೆಯನ್ನು ಮೊಳಮೊಳಕ್ಕೂ ಬಡಿಯುತ್ತಿದ್ದ. ಒಳಗೆ ಟೊಳ್ಳು ಸದ್ದು ಬಂದರೆ ಕಟ್ಟಿದವನು ಕಳ್ಳ ಎಂಬುದು ಮೇಸ್ತ್ರಿಗಳ ನಡುವಿನ ಮಾತು.

“ನಡುವ ಖಾಲಿ ಯಾಕ್ರಿ ಅಕ್ಕಾರ?” ಎಂದು ಕೇಳಿದ.

“ಹೇಳಿದಷ್ಟು ಮಾಡು. ಎಲ್ಲದಕ್ಕೂ ಯಾಕೆ ಅಂತ ಕೇಳ್ಬೇಡ.”

ಅವನು ಕರಣೆ ಎತ್ತಿಕೊಂಡ. ನಾನು ಸಿದ್ದಾಪುರದ ಇನ್ನೊಂದು ಕೆಲಸಕ್ಕೆ ಹೋಗಿ ಮೂರು ದಿನ ಬಿಟ್ಟು ಬಂದಾಗ ಗೋಡೆ ಮುಗಿದು ಮೇಲೆ ಸಿಮೆಂಟಿನ ಗಿಲಾಯಿಯೂ ಆಗಿತ್ತು. ನೋಡಿ ಮೆಚ್ಚಿದೆ. ಮುಟ್ಟಿ ನೋಡಲಿಲ್ಲ, ಬಡಿದಂತೂ ನೋಡಲಿಲ್ಲ. ಹೋಗುವಾಗ ರಹಿಮತ್ಬಿಗೆ ದೊಡ್ಡವಳ ಹಾಗೆ ಬುದ್ಧಿ ಹೇಳಿದೆ: “ಇನ್ನು ಒದ್ದೆ ಬಟ್ಟೆ ಬೇಡ ಅಜ್ಜಿ, ಮಗುವಿಗೆ ಕೆಮ್ಮು ಬರ್ತದೆ. ಬಾಗಿಲು ಹಾಕಿ ಮಲಗಿಸಿ, ಸಾಕು.”

ಏಪ್ರಿಲ್ ಎರಡನೇ ವಾರ ಅವಳು ಹಾಗೇ ಮಾಡಿದಳು. ಉಂಡ ಮೇಲೆ ಮಗುವನ್ನು ಮಲಗಿಸಿ, ಬಾಗಿಲು ಹಾಕಿ, ಎಷ್ಟೋ ವರ್ಷದ ಮೇಲೆ ತಾನೂ ಜಗುಲಿಯಲ್ಲಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು. ನಾಲ್ಕೂವರೆಗೆ ಬಾಗಿಲು ತೆಗೆದಾಗ ಐಮನ್‌ಳ ಮೈ ಕೆಂಡ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಪಕ್ಕದವರ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದರು.

ಸುದ್ದಿ ಕೇಳಿ ಮರುದಿನ ನಾನು ಆ ಖೋಲಿಗೆ ಹೋದೆ. ಗೋಡೆಯ ಮೇಲೆ ಕೈಯಿಟ್ಟೆ, ಬಿಸಿ. ಬೆರಳ ಗೆಣ್ಣಿನಿಂದ ಬಡಿದೆ. ಬಂಡೆಯಷ್ಟು ಗಟ್ಟಿ.

ದ್ಯಾಮಪ್ಪ ಬಸ್‌ಸ್ಟ್ಯಾಂಡಿನ ಪಕ್ಕದ ಚಹಾ ಅಂಗಡಿಯಲ್ಲಿದ್ದ. ಹತ್ತು ಜನರೆದುರು ಅವನ ಮರ್ಯಾದೆ ತೆಗೆಯಬೇಕೆಂದೇ ಹೋಗಿದ್ದೆ. “ಒಳಗೆ ಏನು ತುಂಬಿದೆ?” ಎಂದು ಕೂಗಿದೆ.

ಅವನ ಮುಖ ಅರಳಿತು. “ಹಳ್ಳದ ಉಸುಕ್ರಿ, ಜರಡಿ ಹಿಡಿದದ್ದು. ಎರಡು ದಿನಾ ಹೊತ್ತು ತುಂಬೇನಿ. ಕೂಲಿ ಬ್ಯಾಡ್ರಿ ಅಕ್ಕಾರ. ಬ್ಯಾನಿ ಕೂಸು, ಅದಕ್ಕ ಟೊಳ್ಳು ಗ್ವಾಡಿ ಹೆಂಗ ಕಟ್ಟಿ ಕೊಡೂದು?”

ಬೈಯಲು ಹೋದವಳು ಅವನನ್ನು ಅಂಗಡಿಯ ಒಲೆಯ ಬಳಿಗೆ ಕರೆದೆ. ಚೀಲದಲ್ಲಿದ್ದ ಹಾಳೆಯ ಚೂರು ತೆಗೆದು, ಅವನ ಅಂಗೈಯನ್ನು ಉರಿಯುವ ಒಲೆಯ ಪಕ್ಕಕ್ಕೆ ಹಿಡಿಸಿ, ನಡುವೆ ಹಾಳೆ ಅಡ್ಡ ಇಟ್ಟೆ. ಕಾವು ತಟ್ಟನೆ ನಿಂತಿತು. ಆಮೇಲೆ ಅದೇ ಹಾಳೆಯನ್ನು ಬಿಸಿ ಕೆಟಲಿಗೆ ಒತ್ತಿ ಅದರ ಮೇಲೆ ಅವನ ಬೆರಳು ಇಡಿಸಿದೆ. ಚುರುಕ್ಕೆಂದು ಎಳೆದುಕೊಂಡ.

“ಇಷ್ಟ ಏನ್ರಿ?” ಎಂದ. “ಇದನ್ನ ಅವತ್ತ ಹೇಳಿದ್ರ ನಾ ಒಂದು ಬೊಗಸಿ ಉಸುಕೂ ಹಾಕ್ತಿದ್ದಿಲ್ಲಲ್ರಿ.” ಆಮೇಲೆ ಕೇಳಿದ, “ಹುಡುಗಿ ಆರಾಮ ಐತಿ ಹೌದಲ್ರಿ?”

ನಡೆದದ್ದನ್ನು ಹೇಳಿದೆ. ದ್ಯಾಮಪ್ಪ ಅಲ್ಲೇ ನೆಲಕ್ಕೆ ಕುಳಿತ. ತಪ್ಪು ನಿಂದಲ್ಲ, ನಂದು ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಅವತ್ತೇ ಹೋಗಿ ಗೋಡೆ ಬಿಚ್ಚಿ ಉಸುಕನ್ನೆಲ್ಲ ಹೊರಹಾಕಿ, ಹಾಳೆ ಬದಲಿಸಿ, ಮತ್ತೆ ಕಟ್ಟಿದ.

ಹನ್ನೊಂದನೇ ದಿನ ಐಮನ್ ಮನೆಗೆ ಬಂದಳು. ಬದುಕಿದ್ದಳು, ಮಾತು ಹೋಗಿತ್ತು. ಹೊರಗೆ ಬೆಂಕಿಯಂಥ ಬಿಸಿಲು, ಖೋಲಿಯೊಳಗೆ ನಾನು ಹೇಳಿದ್ದಂತೆಯೇ ತಂಪು. ರಹಿಮತ್ಬಿ ಮೊಮ್ಮಗಳ ಗಲ್ಲ ಹಿಡಿದುಕೊಂಡು, ನನ್ನ ಕಡೆ ತಿರುಗದೆ, ಒಂದು ಸಲ ಅಜ್ಜಿ ಎಂದು ಕರೆಸಿಕೊಳ್ಳಲು, “ದಾದಿ ಬೋಲ್ ಬೇಟಾ, ದಾದಿ ಬೋಲ್” ಎನ್ನುತ್ತಲೇ ಇದ್ದಳು. ಮಗು ಅವಳ ಬಾಯಿಯನ್ನೇ ನೋಡುತ್ತಿತ್ತು.