ಖಂಡೇನವಮಿಯ ಬಂಪರ್

ಗೋಡೆಗೆ ಮೊಳೆ ಹೊಡೆಯೆಂದರೆ ಮೊಳೆ ಬಿಟ್ಟು ಹೆಬ್ಬೆರಳಿಗೆ ಹೊಡೆದುಕೊಳ್ಳುವ ಗಂಡಸು ಶಿವಪುತ್ರಪ್ಪ. ಅಂಥವನು ಹಳೆಯ ಕಾರಿನ ಹಿಂದಿನ ಬಂಪರನ್ನು ತಾನೇ ಬದಲಿಸುತ್ತೇನೆಂದು, ಆಯುಧಪೂಜೆಯ ದಿನ, ಖಂಡೇನವಮಿಯ ಬೆಳಗ್ಗೆ ಭಾಂಡುಪಿನ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಬೆಡ್‌ಶೀಟ್ ಹಾಸಿ ಕುಳಿತಿದ್ದ. ಅವನ ಹೆಂಡತಿ ಮಹಾದೇವಿಗೆ ನಗು ಕೂಡ ಬರಲಿಲ್ಲ. ನಗಿಸುವುದಕ್ಕೂ ಮನುಷ್ಯನಿಗೆ ಒಂದು ಯೋಗ್ಯತೆ ಬೇಕು.

"ವಿಡಿಯೋದಾಗ ಒಬ್ಬಾಂವ ಚಾ ಆರೂದ್ರೊಳಗ ಬಿಚ್ಚಿ ಕೂಡ್ರಿಸ್ಯಾನ. ಇದರಾಗ ಏನೈತಿ?" ಎಂದ.

ಬಂಪರನ್ನು ಬೈಕುಲ್ಲಾದ ಗುಜರಿಯಿಂದ ತಂದಿದ್ದ. ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಅದನ್ನು ಅಪ್ಪಿಕೊಂಡು ನಿಂತು ಬಂದ ಸಾಹಸವನ್ನು ಬಿಲ್ಡಿಂಗಿಗೆಲ್ಲ ಹೇಳಿ ಮುಗಿಸಿದ್ದ. ಕಾರು ಬೂದಿ ಬಣ್ಣದ್ದು, ಬಂಪರ್ ಕೆಂಪು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮಹಾದೇವಿಯ ಉರಿ ಬಣ್ಣದ್ದಲ್ಲ, ಚಾವಿಯದು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡವಳು ಅವಳು. ಮಳೆಗಾಲಕ್ಕೆ ಮುಂಚೆ ಒಂದು ದಿನ ಒಬ್ಬಳೇ ರಿವರ್ಸ್ ತೆಗೆಯುವಾಗ ಕಾರು ಪಾರ್ಕಿಂಗಿನ ಕಂಬಕ್ಕೆ ತಾಗಿತು. ತಾಗಿತು ಅಷ್ಟೇ, ಕಂಬದ ಸುಣ್ಣ ಕೂಡ ಉದುರಲಿಲ್ಲ. ಆದರೆ ಬಂಪರಿನ ಎಡತುದಿ ದೊಪ್ಪನೆ ಕೆಳಗೆ ಬಿತ್ತು. ಅವತ್ತೇ ಚಾವಿ ಗಂಡನ ಕಿಸೆ ಸೇರಿತು. "ಹೆಂಗಸರ ಕೈಯಾಗ ಸ್ಟೇರಿಂಗ್ ಕೊಟ್ಟರ ಹಿಂಗ" ಎಂದು ಅವನು ಲಿಫ್ಟಿನಲ್ಲಿ ಹೇಳಿದ, ಫೋನಿನಲ್ಲಿ ವಿಜಯಪುರದ ಬೀಗರಿಗೆ ಹೇಳಿದ, ವಡಾಲದಲ್ಲಿ ಅವಳ ತಂಗಿಯ ಮನೆಯ ಹೋಳಿಗೆ ತಿನ್ನುತ್ತಲೂ ಹೇಳಿದ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತನಗೆ ಇದು ಒಲಿಯದ ವಿದ್ಯೆಯೇನೋ ಎಂದು ಅವಳೂ ನಂಬತೊಡಗಿದ್ದಳು.

"ಇದು ಕೂತ ಮ್ಯಾಲೆ ಚಾವಿ ಕೊಡ್ತೀರೇನ್ರಿ?" ಎಂದು ಕೇಳಿದಳು.

"ನಿನಗ? ಸೈಕಲ್ ಕೊಡಸ್ತೀನಿ, ತಡಿ."

ಡಿಕ್ಕಿ ತೆರೆದ. ಹಿಂದಿನ ಲೈಟು ಬಿಚ್ಚಿದ. ಒಂದು ಸ್ಕ್ರೂ ಉಳಿದಿರುವಾಗಲೇ ಗಾಡಿಗೆ ಕಾಲು ಕೊಟ್ಟು ಬಂಪರನ್ನು ಜಗ್ಗಿದ. ಬಂತು, ಅವನನ್ನೂ ಅಂಗಾತ ಕೆಡವಿಕೊಂಡೇ ಬಂತು. ಮಹಾದೇವಿ ಅವನನ್ನು ಎಬ್ಬಿಸಲು ಹೋಗಲಿಲ್ಲ. ಅವಳು ಕಾರಿನ ಬೆನ್ನನ್ನು ನೋಡುತ್ತಿದ್ದಳು.

ಎಡಗಡೆ ಬಂಪರನ್ನು ಹಿಡಿದುಕೊಳ್ಳುವ ಪಟ್ಟಿಯೇ ಇರಲಿಲ್ಲ. ತಗಡು ಒಳಗೆ ಕುಸಿದು, ಕುಸಿದಲ್ಲಿ ತುಕ್ಕು ಹಿಡಿದಿತ್ತು. ಪಟ್ಟಿಯ ಬದಲು ಒಂದು ಹಸಿರು ಪ್ಲಾಸ್ಟಿಕ್ ಹಗ್ಗ ಗಂಟಿನ ಮೇಲೆ ಗಂಟು ಹಾಕಿಸಿಕೊಂಡು, ಹರಿದು ಜೋತುಬಿದ್ದಿತ್ತು. ಆ ಹಗ್ಗ ಅವಳಿಗೆ ಗೊತ್ತು. ಹೋದ ವರ್ಷ ಬಾಲ್ಕನಿಯಿಂದ ಕಾಣೆಯಾದ ಬಟ್ಟೆಯ ಹಗ್ಗ. "ಕಾಗಿ ಒಯ್ದಿರಬೇಕು" ಎಂದು ಆಗ ಇದೇ ಮಹಾನುಭಾವ ಹೇಳಿದ್ದ.

ಎಲ್ಲೋ ಇವನೇ ಗುದ್ದಿ, ಕಟ್ಟಿ, ಬಾಯಿ ಮುಚ್ಚಿಕೊಂಡಿದ್ದಾನೆ. ಬೀಳುವುದಕ್ಕೆ ಕಾದಿದ್ದ ಬಂಪರು ಅವಳ ಪಾಲಿಗೆ ಬಿದ್ದಿದೆ. ಅವಳಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೇಸಿಕೆ ಹೆಚ್ಚಾಯಿತು.

"ಅವ್ವಗ ಹೇಳಬ್ಯಾಡ," ಎಂದ ಶಿವಪುತ್ರಪ್ಪ, ಬೆನ್ನಿನ ಧೂಳು ಕೊಡವುತ್ತ. "ಚಾ ಕುಡದು ಬಂದು ಹಗ್ಗ ಕೊಯ್ದು, ಕೆಂಪು ಬಂಪರ್ ಕೂಡ್ರಿಸಿಬಿಡ್ತೀನಿ. ಯಾರಿಗೂ ಗೊತ್ತಾಗೂದಿಲ್ಲ."

ಅವಳು ಹಗ್ಗದ ಹರಿದ ತುದಿಯನ್ನು ಬೆರಳಿನಿಂದ ತಿರುವಿ ನೋಡಿದಳು.

ಅವನು ಮೇಲೆ ಹೋಗಿ ಅಂಗಿ ಗೂಟಕ್ಕೆ ಹಾಕಿ, ಮೈ ತೊಳೆದು, ಚಹ ಕುಡಿಯುವಷ್ಟರಲ್ಲಿ ಅವನ ತಾಯಿ ಮಲ್ಲವ್ವ ತನ್ನ ಕೆಲಸ ಮುಗಿಸಿದ್ದಳು. ಲಿಫ್ಟಿನಲ್ಲಿ ಇಳಿದು, ಕಾರಿನ ಕಡೆ ನೋಡದೆ, ಬೆಡ್‌ಶೀಟಿನ ಮೇಲಿದ್ದ ಪಾನಾ, ಸ್ಕ್ರೂಡ್ರೈವರ್, ಸುತ್ತಿಗೆ ಎಲ್ಲವನ್ನೂ ಉಡಿಯಲ್ಲಿ ತುಂಬಿಕೊಂಡು ಬಂದು, ತೊಳೆದು, ವಿಭೂತಿ ಕುಂಕುಮ ಹಚ್ಚಿ ದೇವರ ಜಗುಲಿಯ ಮುಂದೆ ಇಟ್ಟಿದ್ದಳು. ಪಕ್ಕದಲ್ಲಿ ಈಳಿಗೆ, ಚಾಕು, ಕತ್ತರಿ. ಅಂಗಿಯ ಕಿಸೆಯಲ್ಲಿದ್ದ ಕಾರಿನ ಚಾವಿಯೂ ಅಲ್ಲೇ ತಟ್ಟೆಯಲ್ಲಿ ಹೂವು ಮುಡಿದು ಕುಳಿತಿತ್ತು.

"ಅವ್ವಾ, ಒಂದ ಪಾನಾ..."

"ಕೈ ಹಚ್ಚಿ ನೋಡು! ಪೂಜಾಕ್ಕ ಇಟ್ಟ ಆಯುಧ ನಾಳೆ ಬನ್ನಿ ಕೊಡೂತನಕ ಯಾರೂ ಮುಟ್ಟಾಂಗಿಲ್ಲ. ಸಂಜೀಕ ಗಾಡಿ ಪೂಜಾಕ್ಕ ಚಾವಿ ಅಷ್ಟ ಎತ್ತೂದು."

"ಚಾಕುನಾದರೂ ಕೊಡ."

"ಕಾಯಿಪಲ್ಲೆ ಮುಂಜಾನೆನ ಹೆಚ್ಚೀವಿ. ನಿನಗ್ಯಾಕ ಚಾಕು?"

ಸೊಸೈಟಿ ಮೀಟಿಂಗಿನಲ್ಲಿ ಸೆಕ್ರೆಟರಿಯ ಮೈಮೇಲೆ ಏರಿಹೋಗುವ ಹುಲಿ, ತೊಯ್ದ ಬೆಕ್ಕಿನ ಹಾಗೆ ಕೆಳಗಿಳಿದು ಹೋಯಿತು. ಇಡೀ ಬಿಲ್ಡಿಂಗಿನಲ್ಲಿ ಯಾರನ್ನೂ ಕತ್ತರಿ ಕೇಳುವ ಹಾಗಿಲ್ಲ, ಯಾಕೆಂದು ಕೇಳಿದರೆ? ಸ್ವಲ್ಪ ಹೊತ್ತಿನ ಮೇಲೆ ಮಹಾದೇವಿ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಅವನು ಗಂಟನ್ನು ಹಲ್ಲಿನಿಂದ ಕಡಿಯುತ್ತಿದ್ದ. ಇಂಥವನ ಮಾತು ಕೇಳಿ ನಾನು ನನ್ನ ಕೈಯನ್ನೇ ಅನುಮಾನಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಸಂಜೆ ಗಾಡಿಗಳ ಪೂಜೆ. ಸಾಲಾಗಿ ತೊಳೆದ ಸ್ಕೂಟರು, ಕಾರುಗಳ ನಡುವೆ ಇವರದು ಹಿಂಭಾಗ ಬೋಳಾಗಿ, ಹಲ್ಲಿಗೂ ಬಿಚ್ಚದ ಹಗ್ಗ ಜೋಲಿಸಿಕೊಂಡು ನಿಂತಿತ್ತು. ಚಾವಿಯ ತಟ್ಟೆಯಲ್ಲೇ ಆರತಿ ಹಿಡಿದ ಮಲ್ಲವ್ವ ಸುತ್ತು ಹಾಕುತ್ತ ಹಿಂದೆ ಬಂದು ನಿಂತಳು.

"ಇದು ನಮ್ಮ ಬಟ್ಟಿ ಒಣಹಾಕೂ ಹಗ್ಗ ಅಲ್ಲೇನು?"

"ನಾ ಎಲ್ಲೂ ಗುದ್ದಿಲ್ಲವಾ!" ಎಂದ ಶಿವಪುತ್ರಪ್ಪ. ಗುದ್ದಿದ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಕಾಗಿ ಒಯ್ದ ಹಗ್ಗರಿ ಅತ್ತಿ ಅದು," ಎಂದಳು ಮಹಾದೇವಿ.

ಮಲ್ಲವ್ವ ಬಗ್ಗಿ ನೋಡಿದಳು. "ಇದು ಕಾಗಿ ಹಾಕಿದ ಗಂಟಲ್ಲ. ಸಣ್ಣಾಂವ ಇದ್ದಾಗ ಚೊಣ್ಣದ ಲಾಡಿಗೂ ಹಿಂಗ ಗಂಟು ಹಾಕಿ, ಬಿಚ್ಚಲಾಕ ಬರದ ಅಳತಿದ್ದ ಇಂವ."

ಸುತ್ತಲಿನವರು ನಕ್ಕರು. ಕನ್ನಡ ಬಾರದವರಿಗೆ ಬರುವವರು ಹಿಂದಿಯಲ್ಲಿ ಹೇಳಿದ ಮೇಲೆ ಇನ್ನೊಮ್ಮೆ ನಕ್ಕರು. ಮಲ್ಲವ್ವ ಮಾತ್ರ ನಗಲಿಲ್ಲ. ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ತಟ್ಟೆಯಿಂದ ಚಾವಿ ಎತ್ತಿ, ಕೈ ಚಾಚಿದ್ದ ಮಗನನ್ನು ದಾಟಿ ಸೊಸೆಗೆ ಕೊಟ್ಟಳು.

"ನಿಂಬಿಹಣ್ಣು ನೀ ತುಳಸವಾ."

ಮಹಾದೇವಿ ಕೂತಳು. ಚಾವಿ ತಿರುಗಿಸಿ ಮೆಲ್ಲಗೆ ಕ್ಲಚ್ ಬಿಟ್ಟಳು. ನಿಂಬೆಹಣ್ಣುಗಳು ಪಚಕ್ಕೆಂದವು. ಕಂಪೌಂಡಿಗೆ ಒಂದು ಸುತ್ತು ಹಾಕಿ ಬಂದು ಅದೇ ಕಂಬದ ಪಕ್ಕಕ್ಕೆ ರಿವರ್ಸ್ ಹಾಕಿದಳು. ಬುದ್ಧಿ ಬಾರದ ಶಿವಪುತ್ರಪ್ಪ ಹಿಂದೆ ಹೋಗಿ ನಿಂತು ಕೈ ಬೀಸತೊಡಗಿದ.

"ಬರಲಿ, ಬರಲಿ... ಏ, ಕಂಬ ನೋಡು, ಕಂಬ!"

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಕಂಬ ತನ್ನ ಜಾಗಾದಾಗ ಐತ್ರಿ. ನೀವ ಅಡ್ಡ ಅದೀರಿ. ಸರೀರಿ."

ಅವನು ಸರಿದ. ಕಾರು ನೆಟ್ಟಗೆ ಒಳಗೆ ಹೋಗಿ ನಿಂತಿತು. ಇಳಿದು ಬಂದ ಮಹಾದೇವಿ ಚಾವಿಯನ್ನು ತಟ್ಟೆಗೂ ಹಾಕಲಿಲ್ಲ, ಗಂಡನಿಗೂ ಕೊಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಲಿಫ್ಟಿನ ಕಡೆ ನಡೆದಳು.