ಅಂಬುಜಾ ವೈನಿಯ ಸ್ಟೀಲಿನ ಡಬ್ಬಿ

ವರ್ಗಾವಣೆ ಎಂದ ಕೂಡಲೇ ಬ್ಯಾಂಕಿನವರ ಹೆಂಡಂದಿರಿಗೆ ಮೊದಲು ಮಕ್ಕಳ ಶಾಲೆಯ ಚಿಂತೆಯಂತೆ. ನನಗೆ ಮಾತ್ರ ಸ್ಪೀಕರಿನ ಚಿಂತೆ. ನನ್ನ ಗಂಡ ನರಹರಿಗೆ ಸಂಗೀತದ ಹುಚ್ಚು. ಹಾಡುವ ಹುಚ್ಚಾಗಿದ್ದರೆ ಒಂದು ತಂಬೂರಿ ಹೊತ್ತುಕೊಂಡು ಊರೂರು ತಿರುಗಬಹುದಿತ್ತು. ಇವರದು ಕೇಳುವ ಹುಚ್ಚು. ಅದಕ್ಕೆ ಇಬ್ಬರು ಆಳು ಎತ್ತುವ ಸ್ಪೀಕರು ಬೇಕು, ಮುಟ್ಟಿದರೆ ಕೈ ಸುಡುವ ಆಂಪ್ಲಿಫೈಯರ್ ಬೇಕು, ಹಾಡು ತುಂಬಿಡಲು ಭೀಮಗಾತ್ರದ ಕಂಪ್ಯೂಟರ್ ಬೇಕು. ಧಾರವಾಡದಿಂದ ಮಹಾರಾಷ್ಟ್ರದ ನಾಸಿಕ್ ರೋಡ್ ಎಂಬ ಊರಿಗೆ ಬಂದಿಳಿದಾಗ ನಮ್ಮ ಲಾರಿ ನೋಡಿದ ಕಾಲನಿಯವರು ಮದುವೆ ಬ್ಯಾಂಡಿನವರು ಬಂದರೆಂದೇ ತಿಳಿದಿದ್ದರು.

ಹಾಗೆ ತಿಳಿದವರಲ್ಲಿ ಪಕ್ಕದ ಮನೆಯ ಅಂಬುಜಾ ವೈನಿಯೂ ಒಬ್ಬರು. ವಿಜಾಪುರದ ಕಡೆಯವರು, ನನಗಿಂತ ಹಿರಿಯರು, ಅದಕ್ಕೇ ಅತ್ತಿಗೆಯೆಂಬ ಸಲುಗೆಯಲ್ಲಿ ವೈನಿ. ಅವರ ಯಜಮಾನರು ರತ್ನಾಕರ ಅವರಿಗೆ ಅಂಚೆಚೀಟಿ ಅಚ್ಚುಹಾಕುವ ಸರಕಾರಿ ಸೆಕ್ಯುರಿಟಿ ಪ್ರೆಸ್ಸಿನಲ್ಲಿ ನೌಕರಿ. ಕಾಲನಿಯಲ್ಲಿ ಕನ್ನಡ ಮಾತಾಡುವ ಮನೆಗಳು ನಮ್ಮವೆರಡೇ. ಅವರ ಅಡುಗೆಮನೆಗೂ ನಮ್ಮ ಹಾಲಿಗೂ ನಡುವೆ ಒಂದೇ ಗೋಡೆ. ಇವರು ಸಂಜೆ ಹಾಡು ಹಚ್ಚಿದರೆ ಮರುದಿನ ವೈನಿಯ ದೂರು ತಪ್ಪುತ್ತಿರಲಿಲ್ಲ.

"ಸುಮನಾ, ನಿನ್ನ ಗಂಡ ತಬಲಾ ಹಚ್ಚಿದಾಗೊಮ್ಮೆ ನನ್ನ ಕಟ್ಟಿ ಮ್ಯಾಲಿನ ತಾಟು ಕುಣೀತಾವ ನೋಡವಾ."

ದೂರಿನ ಜೊತೆಗೇ ಒಂದು ಬಟ್ಟಲು ಪಲ್ಯವೋ ಹುಳಿಯೋ ಬರುತ್ತಿದ್ದುದರಿಂದ ನನಗೇನೂ ಬೇಸರವಿರಲಿಲ್ಲ. ಆದರೆ ಬಂದ ಬಟ್ಟಲು ತಿರುಗಿ ಹೋಗಬೇಕಲ್ಲ. ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದೇ ಕೊಡುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಒಂದು ದೀಪಾವಳಿಗೆ ವೈನಿ ದೊಡ್ಡ ಸ್ಟೀಲಿನ ಡಬ್ಬಿಯ ತುಂಬ ಅಂಟಿನ ಉಂಡಿ ಕೊಟ್ಟರು. ಅಂಥ ಉಂಡಿಗೆ ಹಿಡಿ ಸಕ್ಕರೆ ಹಾಕಿ ಕೊಟ್ಟರೆ ಮರ್ಯಾದೆಯೇ? ಬೇಸನ್ ಉಂಡಿ ಮಾಡಿ ತುಂಬಿಯೇ ಕೊಡೋಣವೆಂದು ಡಬ್ಬಿಯನ್ನು ತೊಳೆದು ಅಡುಗೆಮನೆಯ ಅಟ್ಟದ ಮೇಲಿಟ್ಟೆ. ಇವತ್ತು ಮಾಡೇನು, ನಾಳೆ ಮಾಡೇನು ಎನ್ನುವುದರೊಳಗೆ ಸಂಕ್ರಾಂತಿಯೂ ಹೋಯಿತು, ಹೋಳಿಯೂ ಹೋಯಿತು.

ಅದೇ ಸಮಯಕ್ಕೆ ಇವರಿಗೆ ಹೊಸ ಕೊರಗು ಹತ್ತಿಕೊಂಡಿತ್ತು. ಕಂಪ್ಯೂಟರಿನೊಳಗೆ ಫ್ಯಾನ್ ತಿರುಗುತ್ತದಲ್ಲ, ಅದರ ಗುಂಯ್ ಸದ್ದು. ಗಾಯಕರು ಆಲಾಪದ ನಡುವೆ ಒಂದು ಕ್ಷಣ ನಿಂತಾಗ ಆ ಗುಂಯ್ ನಡುವೆ ಬಂದು ಕೂರುತ್ತದೆಯಂತೆ. ನನ್ನ ಕಿವಿಗೆ ಅದು ಕೇಳಿದ್ದೇ ಇಲ್ಲ. ನನಗೆ ಕುಕ್ಕರಿನ ಸೀಟಿ ಕೇಳಿದರೆ ಸಾಕು.

ಕಡೆಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ತರಿಸಿದರು. ಇಸ್ಪೀಟ್ ಎಲೆಯಷ್ಟಗಲದ ಹಸಿರು ಹಲಗೆ, ಅಷ್ಟೇ. ಫ್ಯಾನ್ ಇಲ್ಲ, ಸದ್ದಿಲ್ಲ, ಮೊಬೈಲಿನ ಚಾರ್ಜರ್ ಹಚ್ಚಿದರೆ ನಡೆಯುತ್ತದೆ. ಅದರ ಬೆನ್ನ ಮೇಲೆ ಇನ್ನೊಂದು ಹಲಗೆ ಕೂರಿಸಿದರು. ಕಂಪ್ಯೂಟರಿನ ಅಂಕಿಗಳನ್ನು ನಾದ ಮಾಡುವುದು ಆ ಎರಡನೆಯದರ ಕೆಲಸವಂತೆ. ಇದನ್ನೆಲ್ಲ ಇಡಲು ಒಳ್ಳೆಯ ಗೂಡು ಸಿಗದೆ ಮೊದಲು ಸಾಬೂನಿನ ಪೆಟ್ಟಿಗೆಯಲ್ಲಿಟ್ಟರು, ಅದು ಬಿಸಿಯಾಯಿತು. ರಟ್ಟಿನ ಡಬ್ಬದಲ್ಲಿಟ್ಟರು, ಜಿರಳೆ ಹೊಕ್ಕಿತು.

ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ನಾನು ಗದಗಕ್ಕೆ ಹೋಗಿ ಬರುವುದರೊಳಗೆ ಎಲ್ಲ ಸರಿಹೋಗಿತ್ತು. ಶೋಕೇಸಿನಲ್ಲಿ ಕರಿಯ ಅಂಟುಹಾಳೆ ಸುತ್ತಿದ, ಸುತ್ತಲೂ ಸಾಲು ತೂತುಗಳಿದ್ದ ದುಂಡನೆಯ ಪೆಟ್ಟಿಗೆಯೊಂದು ಗಂಭೀರವಾಗಿ ಕೂತಿತ್ತು. ಭೀಮಗಾತ್ರದ ಹಳೆಯ ಕಂಪ್ಯೂಟರನ್ನು ರದ್ದಿಯವನು ಒಯ್ದಾಗಿತ್ತು. ಇವರು ಮೊಬೈಲಿನ ಮೇಲೆ ಬೆರಳಾಡಿಸಿ ಯಮನ್ ರಾಗ ಹಚ್ಚಿದರು. ಸುಳ್ಳೇಕೆ ಹೇಳಲಿ, ಗಾಯಕರು ನಮ್ಮ ಸೋಫಾದ ಮೇಲೆ ಕೂತು ಹಾಡಿದಂತಿತ್ತು. ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆ ಕೇಳಿಸಿತು.

"ಯಾವ ದೇಶದ ಪೆಟ್ಟಿಗೀರಿ ಇದು?" ಎಂದೆ.

"ಮನ್ಯಾಗ ಮಾಡಿದ್ದು," ಎಂದವರು ತಕ್ಷಣ ಎದ್ದು ಸ್ನಾನಕ್ಕೆ ಹೋದರು. ನಾನು ಹೇಳದೆ ಇವರು ಸ್ನಾನಕ್ಕೆ ಹೋದರೆಂದರೆ ಏನೋ ಇದೆ ಎಂದು ನನಗೆ ಅಂದೇ ಹೊಳೆಯಬೇಕಿತ್ತು.

ಅಲ್ಲಿಂದಾಚೆ ವೈನಿಯ ದೂರು ನಿಂತುಹೋಯಿತು. ತಾಟು ಕುಣಿಯುವುದು ನಿಂತಿರಬೇಕೆಂದು ನಾನು ಸುಮ್ಮನಾದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ವರ್ಗಾವಣೆಯ ಆದೇಶ ಬಂತು. ಔರಂಗಾಬಾದಿಗೆ. ಈಗ ಅದು ಛತ್ರಪತಿ ಸಂಭಾಜಿನಗರ, ಆಗಿನ್ನೂ ಎಲ್ಲರ ಬಾಯಲ್ಲೂ ಔರಂಗಾಬಾದೇ. ಸುದ್ದಿ ಕೇಳಿದ ವೈನಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತರು, ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದರು.

"ಹೋಗೂ ಮುಂದ ನನ್ನ ಡಬ್ಬಿ ಅಷ್ಟು ಕೊಟ್ಟು ಹೋಗವಾ. ಬ್ಯಾರೆ ಯಾವುದರ ಆಗಿದ್ರ ಕೇಳ್ತಿದ್ದಿಲ್ಲ. ಜೋಡಿ ಡಬ್ಬಿ ಅವು, ನನ್ನ ಲಗ್ನದಾಗ ನಮ್ಮವ್ವ ಕೊಟ್ಟದ್ದು. ತಳದಾಗ ಆಕೀನ ಮೊಳಿ ಹಿಡದು ನನ್ನ ಹೆಸರು ಕೊರದಾಳ. ಆಕಿ ಕೈಲೆ ಬರದದ್ದಂತ ನನ್ನ ಕಡೆ ಉಳದದ್ದು ಅದಷ್ಟ."

"ಅಯ್ಯ, ನಾಳೇನ ಕೊಡ್ತೀನ್ರಿ ವೈನಿ," ಎಂದು ಅವರನ್ನು ಕಳಿಸಿ ಅಟ್ಟ ಹತ್ತಿದೆ. ಡಬ್ಬಿ ಇಲ್ಲ. ಇಡೀ ಅಡುಗೆಮನೆ ಬುಡಮೇಲು ಮಾಡಿದೆ, ಇಲ್ಲ. ಹುಡುಕಿ ಸಾಕಾಗಿ ಹಾಲಿಗೆ ಬಂದು ಕೂತಾಗ ಎದುರಿಗೆ ಶೋಕೇಸು, ಶೋಕೇಸಿನಲ್ಲಿ ಆ ಕರಿಯ ದುಂಡು ಪೆಟ್ಟಿಗೆ. ಎಷ್ಟು ದುಂಡಗಿದೆ ಇದು, ಎನಿಸಿತು. ಎದ್ದು ಹೋಗಿ ಎತ್ತಿ ತಳ ನೋಡಿದೆ. ಅಲ್ಲಿ ಅಂಟುಹಾಳೆ ಇರಲಿಲ್ಲ. ಸೊಟ್ಟಸೊಟ್ಟ ಚುಕ್ಕಿಗಳಲ್ಲಿ ಕೊರೆದಿತ್ತು: ಅಂಬುಜಾ.

ನನಗೆ ತಲೆ ಬಿಸಿಯಾಯಿತು. ಇವರು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿದೆ.

"ಡಬ್ಬಿ ತಳದಾಗ ಹೆಸರು ಕಾಣಿಸಲಿಲ್ಲೇನ್ರಿ ನಿಮಗ?"

"ಕಾಣಿಸ್ತು," ಎಂದರು ಇವರು, ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ. "ಅದಕ್ಕ ತಳಕ್ಕ ತೂತು ಕೊರೀಲಿಲ್ಲ. ಆದರ ದೀಪಾವಳಿಯಿಂದ ನಮ್ಮನ್ಯಾಗ ಅದ, ನೀ ಕೊಟ್ಟಿಲ್ಲ ಅಂದ್ರ ಅವರು ನಿನಗ ಕೊಟ್ಟಬಿಟ್ಟಾರ ಅಂದುಕೊಂಡೆ. ಹಳೇ ಸ್ಟೀಲು ಸುಮನಾ, ಎಷ್ಟ ದಪ್ಪ ಅದ ನೋಡು! ಹೊರಗಿನ ಕರೆಂಟಿನ ಗದ್ದಲ ಒಂದೂ ಒಳಗ ಬರಂಗಿಲ್ಲ. ವೈಫೈ ಸುದ್ದಾ ಬರಂಗಿಲ್ಲ, ಅದಕ್ಕ ಬ್ಯಾರೆ ವೈರ್ ಎಳದೀನಿ."

ನಾನು ಮುಚ್ಚಳ ತೆಗೆದೆ. ಒಳಗೆ ಹಸಿರು ಹಲಗೆಗಳು ನಾಲ್ಕು ನೀಲಿ ರಬ್ಬರ್ ತುಂಡುಗಳ ಮೇಲೆ ಕೂತಿದ್ದವು. ಆ ನೀಲಿ ನನಗೆ ಚೆನ್ನಾಗಿ ಪರಿಚಯವಿತ್ತು.

"ಇದು ಹವಾಯಿ ಚಪ್ಪಲಿ ಹೌದಲ್ರಿ?"

"ಸ್ಟೀಲಿಗೆ ತಾಗಿದ್ರ ಸುಟ್ಟಹೋಗ್ತದ, ಅದಕ್ಕ..."

"ಉಂಡಿ ಇಡೋ ಡಬ್ಬ್ಯಾಗ ಚಪ್ಪಲಿ ಇಟ್ಟೀರೇನ್ರಿ!"

"ಹೊಸಾ ಚಪ್ಪಲಿ," ಎಂದರು ಇವರು. ಅದು ಸಮಾಧಾನವಂತೆ.

ತೂತು ಬಿದ್ದ ಡಬ್ಬಿಯನ್ನು ಯಾವ ಮುಖ ಇಟ್ಟುಕೊಂಡು ಕೊಡಲಿ? ವೈನಿ ಬೈದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ ಆ ತೂತುಗಳ ಮೇಲೆ ಬೆರಳಾಡಿಸಿ ಸುಮ್ಮನಾಗಿಬಿಟ್ಟರೆ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಪರ ಊರಿನಲ್ಲಿ ನನಗೆ ಅಕ್ಕನಂತಿದ್ದವರು. ನಾವು ಹೋದಮೇಲೆ ನನ್ನ ಹೆಸರು ಬಂದಾಗಲೆಲ್ಲ ಅವರಿಗೆ ತೂತುಗಳು ನೆನಪಾಗಬಾರದು.

ಮರುದಿನ ಇಬ್ಬರೂ ನಾಸಿಕ್ಕಿನ ಭಾಂಡಿ ಬಜಾರಿಗೆ ಹೋದೆವು. ಅಂಗಡಿ ಅಂಗಡಿ ಸುತ್ತಿ ಅದೇ ಅಳತೆಯ ಡಬ್ಬಿ ಹುಡುಕಿದೆವು. ಹೆಸರು ಕೊರೆಯುವ ಮರಾಠಿ ಅಜ್ಜನಿಗೆ ಕನ್ನಡದಲ್ಲಿ ಬರೆದುಕೊಟ್ಟೆ. ಅವನು ಕಾಗದವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ಕೇಳಿ, ಕಡೆಗೆ ರಂಗೋಲಿ ಎಳೆದಂತೆ ಶ್ರದ್ಧೆಯಿಂದ ಕೊರೆದುಕೊಟ್ಟ. ಇವರಿಗೆ ನಗು ತಡೆಯಲಾಗಲಿಲ್ಲ. ನಾನು ನಗಲಿಲ್ಲ. ಮನೆಗೆ ಬಂದು ಕೈ ಬಿಚ್ಚಿ ತುಪ್ಪ ಸುರಿದು ಬೇಸನ್ ಉಂಡಿ ಕಟ್ಟಿ, ಡಬ್ಬಿಯ ಕಂಠದವರೆಗೆ ತುಂಬಿದೆ.

ಹೊರಡುವ ಹಿಂದಿನ ಸಂಜೆ ವೈನಿಯೇ ಬಂದರು. ಸಾಮಾನೆಲ್ಲ ಗಂಟುಮೂಟೆಯಾಗಿ ಗೋಡೆಗೆ ಒರಗಿತ್ತು. ಸಂಗೀತದ ಸರಂಜಾಮು ಮಾತ್ರ ಇನ್ನೂ ಬಿಚ್ಚಿರಲಿಲ್ಲ, ಇವರು ಅದನ್ನು ಯಾವಾಗಲೂ ಕಟ್ಟಕಡೆಗೇ ಬಿಚ್ಚುವುದು. ಖಾಲಿ ಹಾಲಿನಲ್ಲಿ ಮೆಲ್ಲಗೆ ಯಮನ್ ನಡೆದಿತ್ತು. ನಾನು ಉಂಡಿಯ ಡಬ್ಬಿಯನ್ನು ವೈನಿಯ ಕೈಗಿಟ್ಟೆ. ಅವರು ಅದನ್ನು ತಲೆಯ ಮೇಲಕ್ಕೆತ್ತಿ ತಳ ನೋಡಿದರು.

"ಈ ಜಿಲೇಬಿ ಯಾರು ಕರದಾರ ಸುಮನಾ?"

ನನಗೆ ಕಣ್ಣು ತುಂಬಿ ಬಂತು. ಶೋಕೇಸಿನ ಕಡೆ ಕೈ ತೋರಿಸಿದೆ. ವೈನಿ ಹೋಗಿ ಕರಿಯ ಪೆಟ್ಟಿಗೆಯನ್ನು ವೈರುಗಳ ಸಮೇತ ಮೆಲ್ಲಗೆ ವಾಲಿಸಿ ಕೆಳಗೆ ನೋಡಿದರು. ತೂತುಗಳ ಮೇಲೆ ಬೆರಳಾಡಿಸಿದರು. ನಾನು ಹೆದರಿದ್ದೂ ಅದಕ್ಕೇ. ಇವರು ಮೂಲೆಯಲ್ಲಿ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದರು.

"ತಪ್ಪಾತ್ರಿ ವೈನಿ," ಎಂದರು. "ನಮ್ಮದಂತ ತಿಳದು ನಾನ ಕೊರದೆ. ಸುಮನಾಗ ಗೊತ್ತಿದ್ದಿಲ್ಲ."

ವೈನಿ ಮುಚ್ಚಳ ತೆಗೆದು ಇಣುಕಿದರು.

"ಇದೇನು, ಚಪ್ಪಲಿ ಏನು?"

"ಹೊಸಾದು," ಎಂದು ನಾವಿಬ್ಬರೂ ಒಮ್ಮೆಲೇ ಅಂದೆವು.

ವೈನಿ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಗಂಟುಮೂಟೆಯ ಮೇಲೆ ಕೂತರು. ನಗು ನಿಂತ ಮೇಲೂ ಏಳಲಿಲ್ಲ, ಹಾಡು ಕೇಳುತ್ತ ಕೂತೇ ಇದ್ದರು.

"ಗ್ವಾಡಿ ಈಚಿಗೆ ಹಿಂಗ ಕೇಳಸ್ತದೇನು!" ಎಂದರು. "ಇಷ್ಟು ವರ್ಷ ಆಚಿಗೆ ನಿಂತು ಕೇಳೇನಿ. ದಿನಾ ಸಂಜೀಕೆ ಭಕ್ಕರಿ ಬಡಿಯೂ ಮುಂದ ನಿಮ್ಮ ಹಾಡು ಬರ್ಲಿಲ್ಲಂದ್ರ ಕೈ ಓಡ್ತಿದ್ದಿಲ್ಲ ನನಗ. ಈ ಹೊಸಾ ಪೆಟ್ಟಿಗಿ ಬಂದ ಮ್ಯಾಲಂತೂ ಗ್ವಾಡಿಗೆ ಕಿವಿ ಹಚ್ಚಿ ನಿಂದರತಿದ್ದೆ, ಭಕ್ಕರಿ ಹೊತ್ತತಿದ್ದುವು. ನಮ್ಮನಿಯವರು ಬೈತಿದ್ರು. ನಾಳಿಂದ ಆ ಗ್ವಾಡಿ ಮೂಕಾಗ್ತದ ಸುಮನಾ."

ದೂರು ಯಾಕೆ ನಿಂತಿತ್ತೆಂದು ನನಗೆ ಆಗ ತಿಳಿಯಿತು. ವೈನಿ ಎದ್ದು ಸೆರಗು ಸರಿಮಾಡಿಕೊಂಡು ಇವರ ಕಡೆ ತಿರುಗಿದರು.

"ನನ್ನ ಡಬ್ಬಿ ನನಗ ಕೊಡ್ರಿ. ಆದರ ಖಾಲಿ ಮಾಡಿ ಕೊಡಬ್ಯಾಡ್ರಿ ಮತ್ತ. ಖಾಲಿ ಡಬ್ಬಿ ಕೊಡಬಾರದು."

ಇವರ ಮುಖ ನೋಡಬೇಕಿತ್ತು. ತಿಂಗಳುಗಟ್ಟಲೆ ಕಣ್ಣು ಕೀಲಿಸಿ ಮಾಡಿದ್ದು, ಒಂದೊಂದು ಹಾಡನ್ನೂ ಸೋಸಿ ತುಂಬಿದ್ದು. ನನ್ನನ್ನು ನೋಡಿದರು. ನಾನು ಬೇಕೆಂದೇ ಕಿಟಕಿಯ ಹೊರಗೆ ನೋಡಿದೆ. ಕಡೆಗೆ ಇವರು ವೈನಿಯ ಕಡೆ ತಿರುಗಿ, "ನಿಮ್ಮನ್ಯಾಗ ಸ್ಪೀಕರ್ ಯಾವುದದರಿ?" ಎಂದು ಕೇಳಿದರು. ಆಗಲೇ ನನಗೆ ನಿರಾಳವಾದದ್ದು. ಈ ಮನುಷ್ಯನ ಮೇಲೆ ಸಿಟ್ಟಾಗುವುದು ಎಷ್ಟು ಸುಲಭವೋ, ಸಿಟ್ಟನ್ನು ಉಳಿಸಿಕೊಳ್ಳುವುದು ಅಷ್ಟೇ ಕಷ್ಟ.

ಮರುದಿನ ಲಾರಿ ಬಂದು ಹಾರ್ನ್ ಹೊಡೆಯುತ್ತಿದ್ದಾಗ ನಮ್ಮ ಯಜಮಾನರು ವೈನಿಯ ಟಿವಿಯ ಹಿಂದೆ ಬೋರಲು ಮಲಗಿ ವೈರು ಹಚ್ಚುತ್ತಿದ್ದರು. ರತ್ನಾಕರ ಅವರ ಹಳೆಯ ಸ್ಟೀರಿಯೋ ನೋಡಿ ಇವರಿಗೆ ಸಂಕಟವಾದದ್ದು ನಿಜ. ಆದರೂ ವೈನಿಗೆ ಮೊಬೈಲಿನಲ್ಲಿ ಹಾಡು ಆರಿಸುವುದನ್ನು ಕಲಿಸಿಕೊಟ್ಟು, ಮೈತುಂಬ ಧೂಳು ಮಾಡಿಕೊಂಡು ಬಂದು ಲಾರಿ ಹಿಂದಿನ ಟ್ಯಾಕ್ಸಿಯಲ್ಲಿ ಕೂತರು. ದಾರಿಯ ನಿಫಾಡ್ ಊರು ದಾಟುವವರೆಗೆ ಹಿಂದಕ್ಕೇ ತಿರುಗಿ ಕೂತಿದ್ದರು.

ಔರಂಗಾಬಾದಿನ ಸಿಡ್ಕೋ ಬಡಾವಣೆಯಲ್ಲಿ ಸಿಕ್ಕ ಮನೆಗೆ ದೊಡ್ಡ ಹಾಲು. ಸ್ಪೀಕರು ಎರಡು ಮೂಲೆಯಲ್ಲಿ ಬಾಯಿ ಮುಚ್ಚಿ ನಿಂತಿದ್ದವು. ಇಷ್ಟು ವರ್ಷ ಶಾಂತಿ ಬೇಕೆಂದು ಹಂಬಲಿಸಿದವಳು ನಾನೇ, ಈಗ ಸಂಜೆಯಾದರೆ ನನಗೇ ಬಿಕೋ ಎನ್ನುತ್ತಿತ್ತು. ಹೊಸ ಹಲಗೆ ತರಿಸಿರೆಂದು ಹೇಳಿದೆ. ತರಿಸಿದರು, ಆದರೆ ಗೂಡು ಮಾಡಲು ಮನಸ್ಸೇ ಬರಲಿಲ್ಲ. ಬಜಾರಿನ ಯಾವ ಡಬ್ಬಿ ತೋರಿಸಿದರೂ ಉಗುರಿನಿಂದ ಟಣ್ ಎಂದು ಬಡಿದು, "ಇದು ತೆಳು ಅದ," ಎನ್ನುತ್ತಿದ್ದರು.

ದಸರೆಯ ರಜೆಗೆ ವೈನಿ, ರತ್ನಾಕರ ಇಬ್ಬರೂ ಮನ್ಮಾಡ್ ಮೇಲಿಂದ ಬರುವ ರೈಲಿಗೆ ಬಂದಿಳಿದರು. ವೈನಿ ಒಳಗೆ ಬಂದು ಕಾಲು ತೊಳೆದವರೇ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಒಳಗೆ ಅಂಟಿನ ಉಂಡಿ. ಡಬ್ಬಿ ಅದೇ ಅಳತೆಯದು, ಅಷ್ಟೇ ದಪ್ಪದ್ದು. ಜೋಡಿಯಲ್ಲಿ ಉಳಿದಿದ್ದ ಇನ್ನೊಂದು.

ನಾನು ಎತ್ತಿ ತಳ ನೋಡಿದೆ. ಸೊಟ್ಟ ಚುಕ್ಕಿಗಳಲ್ಲಿ ಅಂಬುಜಾ ಎಂದಿತ್ತು. ಅದರ ಕೆಳಗೆ, ಅದಕ್ಕಿಂತ ಸೊಟ್ಟಗೆ, ಹೊಸದಾಗಿ ಹೊಳೆಯುವ ಚುಕ್ಕಿಗಳಲ್ಲಿ ಸುಮನಾ ಎಂದಿತ್ತು.

"ಮೊಳಿ ಹಿಡದು ನಾನ ಕೊರದೀನಿ," ಎಂದರು ವೈನಿ. "ಇದನ್ನ ತಿರುಗಿ ಕೊಡೂದಿಲ್ಲ. ನರಹರಿಯವರ, ತೂತು ಎಲ್ಲಿ ಬೇಕಲ್ಲೆ ಕೊರ್ಕೊಳ್ರಿ. ತಳ ಒಂದ ಬಿಡ್ರಿ."

ಉಂಡಿಗಳು ಪಾತೇಲಿಗೆ ಬಿದ್ದವು, ಡ್ರಿಲ್ ಅಟ್ಟದಿಂದ ಇಳಿಯಿತು. ಈ ಸಲ ಹೊಸ ಹವಾಯಿ ಚಪ್ಪಲಿಯನ್ನು ನಾನೇ ತಂದುಕೊಟ್ಟೆ. ಆಮೇಲೆ ನೆಲದ ಮೇಲೆ ಕೂತು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಇವರು ತೂತು ಕೊರೆದು ಮುಗಿಸುವವರೆಗೂ ಎರಡು ಹೆಸರುಗಳ ಮೇಲೆ ನನ್ನ ಅಂಗೈ ಇತ್ತು.